ತೋಟದ ಕೆರೆ: ನಸುಕಿನ ಆಮ್ಲಜನಕ, ಕೆಸರಿನ ಹುಳು, ಮೈಲುತುತ್ತ

ಬೆಳಿಗ್ಗೆ ಹನ್ನೊಂದಕ್ಕೆ ಕೆರೆಯ ದಡದಲ್ಲಿ ಒಂದು ಬಾಟಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ಬರುವ ವರದಿ ಹೆಚ್ಚುಕಮ್ಮಿ ಒಂದೇ ತೆರ: ಪಿಎಚ್ (ಹುಳಿ-ಕ್ಷಾರದ ಅಳತೆ) ಸರಿ, ಆಮ್ಲಜನಕ ಸರಿ, ಎಲ್ಲವೂ ಮಿತಿಯೊಳಗೆ. ಅದೇ ಕೆರೆಯಲ್ಲಿ ಮಾರನೇ ದಿನ ಬೆಳಕು ಹರಿಯುವಾಗ ಮೀನು ಬಾಯಿ ತೆರೆದು ಮೇಲೆ ಬಂದಿರುತ್ತದೆ. ವರದಿ ಸುಳ್ಳೇನಲ್ಲ, ನೀರು ತೆಗೆದ ಹೊತ್ತು ತಪ್ಪು. ಆಳವಿಲ್ಲದ ಕೆರೆಯ ನೀರು ಬೆಳಗಿನಿಂದ ರಾತ್ರಿಗೆ ಬೇರೆಯದೇ ನೀರಾಗಿಬಿಡುತ್ತದೆ. ಅಳೆಯಬೇಕಾದದ್ದು ಆ ಏರಿಳಿತವನ್ನು. ಅದರ ಜೊತೆಗೆ, ಕಳೆದ ಕೆಲವು ತಿಂಗಳಲ್ಲಿ ಏನು ನಡೆಯಿತು ಎನ್ನುವುದನ್ನು ಕೆಸರಿನ ಹುಳುಗಳಿಂದ ಕೇಳಿ ತಿಳಿಯಬೇಕು. ಇವೆರಡನ್ನೂ ಬಿಟ್ಟು ಎಷ್ಟು ದುಬಾರಿ ಪರೀಕ್ಷೆ ಮಾಡಿಸಿದರೂ ದುಡ್ಡು ದಂಡ.

ಕೊಡಗಿನಲ್ಲಿ ಕೆರೆ ಎಂದರೆ ಬಹುತೇಕ ತೋಟದ ಕೆರೆ. ಕಾಫಿಗೆ ಜೆಟ್ ಹಾಕಲು (ತುಂತುರು ನೀರು ಹಾಯಿಸಲು) ತೋಡಿದ್ದು ಅಥವಾ ಗದ್ದೆಯ ತಲೆಯಲ್ಲಿ ಮೊದಲಿನಿಂದಲೂ ಇದ್ದದ್ದು. ಮಳೆಗಾಲ ಮುಗಿದಾಗ ಎರಡು ಮೂರು ಮೀಟರ್ ನೀರು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಮಾರ್ಚ್ ಕೊನೆಗೆ ಸೊಂಟದಷ್ಟೂ ಇರುವುದಿಲ್ಲ. ಹಾಗಾಗಿ ಮೊದಲ ಕೆಲಸ ಆಳ ನೋಡುವುದು. ಹತ್ತು ಸೆಂಟಿಮೀಟರಿಗೊಂದು ಗೆರೆ ಹಾಕಿದ ಬಿದಿರಿನ ಗಳು ಸಾಕು. ತುದಿಗೆ ಅಂಗೈಯಗಲದ ತಗಡು ಕಟ್ಟಿ ಮೆಲ್ಲಗೆ ಇಳಿಸಿ ಅದು ಕೆಸರಿನ ಮೇಲೆ ನಿಂತಾಗ ಒಂದು ಅಳತೆ. ತಗಡು ಬಿಚ್ಚಿ ಅದೇ ಜಾಗದಲ್ಲಿ ಗಟ್ಟಿ ನೆಲ ಸಿಗುವವರೆಗೆ ಒತ್ತಿ ಇನ್ನೊಂದು ಅಳತೆ. ಎರಡರ ವ್ಯತ್ಯಾಸವೇ ಹೂಳು. ಒಂದು ಎಕರೆ ಕೆರೆಗೆ ಇಪ್ಪತ್ತು ಜಾಗ ನೋಡಿದರೆ ಸರಾಸರಿ ಆಳ ನಂಬುವಷ್ಟು ಸಿಗುತ್ತದೆ. ಈ ಸಂಖ್ಯೆ ಮುಂದೆ ಲೆಕ್ಕಕ್ಕೆ ಬೇಕು, ಬರೆದಿಟ್ಟುಕೊಳ್ಳಿ. ಹೂಳು ಒಂದು ಮೀಟರ್ ದಾಟಿರುವ ಕೆರೆಗೆ ಕಾಲಿಡಬೇಡಿ, ತೆಪ್ಪ ಬಳಸಿ, ಲೈಫ್ ಜಾಕೆಟ್ ಹಾಕಿ. ಈಜು ಬಲ್ಲವರನ್ನೂ ಹೂಳು ಬಿಡುವುದಿಲ್ಲ.

ಮೊದಲು ಕ್ಷಾರತೆ, ಆಮೇಲೆ ಪಿಎಚ್

ಮಳೆ ಜೋರಾಗಿ ಸುರಿದು ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದೊಯ್ದ ಸೀಮೆ ನಮ್ಮದು. ಮಣ್ಣು ಹುಳಿ, ನೀರು ಮೆದು. ಮಳೆ ನಿಂತ ಹೊಸದರಲ್ಲಿ ವಿದ್ಯುತ್ ವಾಹಕತೆ (ಕರಗಿದ ಲವಣದ ಸೂಚಕ) ಸೆಂಟಿಮೀಟರಿಗೆ ನೂರು ಮೈಕ್ರೋಸೀಮೆನ್ಸ್ ಒಳಗೇ ಇದ್ದರೆ ಗಾಬರಿಯಾಗಬೇಕಿಲ್ಲ, ಇಲ್ಲಿನ ನೀರಿನ ಸ್ವಭಾವವೇ ಅದು. ಆದರೆ ಇಂಥ ನೀರಿಗೆ ತಾಳಿಕೆ ಕಡಿಮೆ. ಹಗಲಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಾಗ ಪಿಎಚ್ ಏರುತ್ತದೆ, ರಾತ್ರಿ ಎಲ್ಲ ಜೀವಿಗಳೂ ಅದನ್ನು ಹೊರಬಿಟ್ಟಾಗ ಇಳಿಯುತ್ತದೆ. ಈ ಹೊಯ್ದಾಟಕ್ಕೆ ಕಡಿವಾಣ ಹಾಕುವುದು ಕ್ಷಾರತೆ, ಅಂದರೆ ಹುಳಿಯನ್ನು ತಾಳಿಕೊಳ್ಳುವ ನೀರಿನ ಶಕ್ತಿ. ಅದು ಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿದ್ದರೆ ಬೆಳಿಗ್ಗೆ 6.5 ಇದ್ದ ಪಿಎಚ್ ಮಧ್ಯಾಹ್ನ 9 ದಾಟಬಹುದು. ಮಧ್ಯಾಹ್ನದ ಒಂದೇ ಅಳತೆ ನೋಡಿ 'ನೀರು ಸಪ್ಪೆ, ಕ್ಷಾರ ಜಾಸ್ತಿ' ಎಂದು ತೀರ್ಮಾನ ಮಾಡುವವರಿಗೆ ಇದು ಗೊತ್ತಿರಬೇಕು. ಅಲ್ಲಿ ಜಾಸ್ತಿ ಇರುವುದು ಪಾಚಿ.

ಕ್ಷಾರತೆ ಅಳೆಯುವುದು ಸುಲಭ. ನೂರು ಮಿಲಿಲೀಟರ್ ನೀರಿಗೆ ಎರಡು ಮೂರು ಹನಿ ಮೀಥೈಲ್ ಆರೆಂಜ್ ಹಾಕಿದರೆ ಹಳದಿ ಬಣ್ಣ ಬರುತ್ತದೆ. 0.02 ನಾರ್ಮಲ್ ಗಂಧಕಾಮ್ಲವನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತಾ ಹೋಗಿ, ಹಳದಿ ಕಿತ್ತಳೆಗೆ ತಿರುಗಿದ ಕೂಡಲೇ ನಿಲ್ಲಿಸಿ. ಖರ್ಚಾದ ಮಿಲಿಲೀಟರನ್ನು ಹತ್ತರಿಂದ ಗುಣಿಸಿದರೆ ಕ್ಷಾರತೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ನಮ್ಮ ನೀರಿಗೆ ಒಂದೆರಡು ಮಿಲಿಲೀಟರಲ್ಲೇ ಬಣ್ಣ ತಿರುಗುವುದುಂಟು, ಆದ್ದರಿಂದ ದಪ್ಪ ಬ್ಯುರೆಟ್ ಬೇಡ, 0.02 ಮಿಲಿಲೀಟರ್ ಗೆರೆಯ ಸಣ್ಣದು ಬಳಸಿ. ಕೆಂಪಾಗುವವರೆಗೆ ಆಮ್ಲ ಬಿಟ್ಟರೆ ಮೆದು ನೀರಿನಲ್ಲಿ ಫಲಿತಾಂಶ ಬಹಳ ಹೆಚ್ಚಾಗಿಬಿಡುತ್ತದೆ.

ಪಿಎಚ್ ಮೀಟರೂ ಮೆದು ನೀರಿನಲ್ಲಿ ಕಾಟ ಕೊಡುತ್ತದೆ. ನೀರಿನಲ್ಲಿ ಲವಣ ಕಡಿಮೆಯಾದ್ದರಿಂದ ಅಂಕಿ ನಿಲ್ಲಲು ಮೂರು ನಾಲ್ಕು ನಿಮಿಷ ಬೇಕು, ಹತ್ತು ಸೆಕೆಂಡಿಗೆ ನೋಡಿ ಬರೆದರೆ ಅರ್ಧ ಅಂಕಿ ಆಚೀಚೆ. 7 ಮತ್ತು 4ರ ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಹೊಂದಿಸಿ, ಮಧ್ಯಾಹ್ನದ ಅಳತೆಗೆ 10ರ ಬಫರ್ ಕೂಡ ನೋಡಿ. ಕಡ್ಡಿಯ ಗಾಜಿನ ಗುಂಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಡಬೇಡಿ, ಬೇಗ ಸಾಯುತ್ತದೆ. ಮೂರು ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಡಿ.

ಅಮೋನಿಯಾದ ಅಂಕಿಯನ್ನು ಪಿಎಚ್ ಇಲ್ಲದೆ ಓದಲೇಬಾರದು. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಮೀನಿನ ಕಿವಿರು ಸುಡುವ ಮುಕ್ತ ಅಮೋನಿಯಾದ ಪಾಲು 25 ಡಿಗ್ರಿಯಲ್ಲಿ ಪಿಎಚ್ 7ಕ್ಕೆ ಶೇಕಡಾ 0.5ರಷ್ಟು, 8ಕ್ಕೆ ಶೇಕಡಾ ಸುಮಾರು ಐದು, 9ಕ್ಕೆ ಮೂವತ್ತೈದರ ಹತ್ತಿರ. ಲೀಟರಿಗೆ ಒಂದು ಮಿಲಿಗ್ರಾಂ ಒಟ್ಟು ಅಮೋನಿಯಾ ಬೆಳಿಗ್ಗೆ ಲೆಕ್ಕಕ್ಕಿಲ್ಲ, ಮಧ್ಯಾಹ್ನ ಮೂರಕ್ಕೆ ಅದೇ ವಿಷ.

ಆಮ್ಲಜನಕದ ರಾತ್ರಿ ಲೆಕ್ಕ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಮತ್ತು ವನ್ಯಜೀವಿಗಳಿಗೆ ಆಗುವ ನೀರು 'ಡಿ' ವರ್ಗ: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಅಥವಾ ಕಡಿಮೆ. ಅಮೋನಿಯಾದ ಆ ಮಿತಿ ನನ್ನ ಪ್ರಕಾರ ಮೀನಿಗೆ ತೀರಾ ಸಡಿಲ. ಆಮ್ಲಜನಕದ ಮಿತಿ ಮಾತ್ರ ಚೆನ್ನಾಗಿದೆ, ಆದರೆ ಅದನ್ನು ಹೋಲಿಸಬೇಕಾದ್ದು ಸೂರ್ಯ ಹುಟ್ಟುವ ಹೊತ್ತಿನ ಅಳತೆಗೆ.

ಡಿಒ (ಕರಗಿದ ಆಮ್ಲಜನಕದ) ಮೀಟರ್ ಇದ್ದವರು ಎತ್ತರ ತುಂಬಲು ಮರೆಯುತ್ತಾರೆ. 25 ಡಿಗ್ರಿ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 900 ಮೀಟರ್ ಎತ್ತರದ ತೋಟದಲ್ಲಿ ಗಾಳಿಯ ಒತ್ತಡ ಹತ್ತನೇ ಒಂದು ಭಾಗ ಕಡಿಮೆ, ಅಲ್ಲಿ ಹಿಡಿಸುವುದು 7.4ರಷ್ಟೇ. ಎತ್ತರ ತುಂಬದೆ ಅಲ್ಲಿನ ಗಾಳಿಯಲ್ಲಿ ಮೀಟರ್ ಹೊಂದಿಸಿ ಬಳಸಿದರೆ ಪ್ರತಿ ಅಳತೆಯೂ ಅಷ್ಟು ಹೆಚ್ಚು ತೋರಿಸುತ್ತದೆ. ಹಳೆಯ ಪೊರೆಯ ಕಡ್ಡಿಯಾದರೆ ನೀರಿನಲ್ಲಿ ಮೆಲ್ಲಗೆ ಆಡಿಸುತ್ತಿರಬೇಕು, ಏಕೆಂದರೆ ಅದು ತಾನೇ ಆಮ್ಲಜನಕ ತಿನ್ನುತ್ತದೆ. ಬೆಳಕಿನಿಂದ ಅಳೆಯುವ ಹೊಸ ಕಡ್ಡಿಗೆ ಈ ತಾಪತ್ರಯ ಇಲ್ಲ.

ಮೀಟರ್ ಇಲ್ಲದಿದ್ದರೆ ವಿಂಕ್ಲರ್ ವಿಧಾನ ಈಗಲೂ ಅತ್ಯಂತ ನಂಬಿಕಸ್ಥ. 300 ಮಿಲಿಲೀಟರ್ ಬಿಒಡಿ ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಹಿಡಿದು, ಗುಳ್ಳೆ ಏಳದಂತೆ ತುಂಬಿ ಉಕ್ಕಿಸಿ. ಪಿಪೆಟ್ಟಿನ ತುದಿ ನೀರಿನೊಳಗೆ ಮುಳುಗಿರುವಂತೆ ಒಂದು ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಒಂದು ಮಿಲಿಲೀಟರ್ ಕ್ಷಾರೀಯ ಅಯೊಡೈಡ್-ಅಜೈಡ್ ಬಿಡಿ. ಮುಚ್ಚಳ ಹಾಕುವಾಗ ಕೆಳಗೆ ಗುಳ್ಳೆ ಸಿಕ್ಕಿಕೊಂಡರೆ ಆ ಬಾಟಲಿ ಚೆಲ್ಲಿ ಹೊಸದಾಗಿ ಶುರು ಮಾಡಿ. ತಲೆಕೆಳಗಾಗಿ ಹಲವು ಸಲ ತಿರುಗಿಸಿದಾಗ ಮೋಡದಂಥ ಗಷ್ಟು ಕಾಣುತ್ತದೆ. ಕಂದು ಬಂದರೆ ಆಮ್ಲಜನಕ ಇದೆ, ಹಾಲಿನಂತೆ ಬೆಳ್ಳಗೆ ಉಳಿದರೆ ಇಲ್ಲವೇ ಇಲ್ಲ. ದಡದಲ್ಲೇ ಅರ್ಧ ಉತ್ತರ ಸಿಕ್ಕಿತು. ಗಷ್ಟು ಅರ್ಧ ಬಾಟಲಿಗೆ ಇಳಿದ ಮೇಲೆ ಒಂದು ಮಿಲಿಲೀಟರ್ ಸಾಂದ್ರ ಗಂಧಕಾಮ್ಲ ಹಾಕಿ ಕರಗಿಸಿ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸ ಬೇಡ, ಅಜೈಡ್ ಕೂಡ ವಿಷವೇ. ಇದನ್ನು ಕತ್ತಲಲ್ಲಿಟ್ಟು ಕೆಲವು ಗಂಟೆಯೊಳಗೆ ಮನೆಯಲ್ಲಿ ಟೈಟ್ರೇಟ್ ಮಾಡಬಹುದು. 201 ಮಿಲಿಲೀಟರ್ ತೆಗೆದು 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ಬಿಡುತ್ತಾ, ಬಣ್ಣ ತಿಳಿ ಹುಲ್ಲಿನಂತಾದಾಗ ಪಿಷ್ಟದ ದ್ರಾವಣ ಹಾಕಿ, ನೀಲಿ ಮೊದಲ ಸಲ ಮಾಯವಾದಾಗ ನಿಲ್ಲಿಸಿ. ಖರ್ಚಾದ ಒಂದು ಮಿಲಿಲೀಟರ್ ಎಂದರೆ ಕೆರೆಯ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ. ಸ್ವಲ್ಪ ಹೊತ್ತಿಗೆ ನೀಲಿ ಮತ್ತೆ ಮೂಡಿದರೆ ತಲೆಕೆಡಿಸಿಕೊಳ್ಳಬೇಡಿ. ಪಿಷ್ಟವನ್ನು ಮೊದಲೇ ಹಾಕಿದರೆ ಮಾತ್ರ ನೀಲಿ ಬಿಡದೆ ಕಾಡುತ್ತದೆ.

ಇನ್ನು ಹೊತ್ತಿನ ಪ್ರಶ್ನೆ. ನಸುಕು ಐದೂವರೆಗೆ ತೋಟದ ಕೆರೆಗೆ ಹೋಗಿ ಎಂದು ಪುಸ್ತಕ ಹೇಳುತ್ತದೆ. ಆ ಹೊತ್ತಿಗೆ ಅಲ್ಲಿ ಕಾಡಾನೆ ನೀರು ಕುಡಿಯುತ್ತಿದ್ದರೆ? ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟದವರಿಗೆ ಇದು ತಮಾಷೆಯ ಮಾತಲ್ಲ. ಮೀನು ಸಾಕುವವರು ಬಹಳ ಕಾಲದಿಂದ ಬಳಸುವ ಒಂದು ಅಡ್ಡದಾರಿ ಇದೆ. ಕತ್ತಲಾಗುವಾಗ ಒಮ್ಮೆ, ಎರಡು ಮೂರು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯುವುದು. ರಾತ್ರಿಯ ಇಳಿತ ಹೆಚ್ಚುಕಮ್ಮಿ ನೇರ ಗೆರೆ. ಸಂಜೆ ಆರೂವರೆಗೆ 8.0, ಒಂಬತ್ತೂವರೆಗೆ 6.5 ಇದ್ದರೆ ಗಂಟೆಗೆ ಅರ್ಧ ಮಿಲಿಗ್ರಾಂ ಇಳಿಯುತ್ತಿದೆ ಎಂದಾಯಿತು, ಬೆಳಿಗ್ಗೆ ಆರೂವರೆಗೆ ಉಳಿಯುವುದು 2.0. ಮೀನಿಗೆ ಅದು ಉಸಿರುಗಟ್ಟುವ ಮಟ್ಟ. ಪಂಪ್‌ಹೌಸ್ ಒಳಗಿನಿಂದಲೇ ಕಡ್ಡಿ ಇಳಿಸುವ ಅನುಕೂಲ ಇದ್ದರೆ ಈ ದಾರಿ ಒಳ್ಳೆಯದು. ಇಲ್ಲದಿದ್ದರೆ ಚೆನ್ನಾಗಿ ಬೆಳಕು ಹರಿದ ಮೇಲೆ, ಆದರೆ ಬಿಸಿಲು ನೀರಿಗೆ ತಾಗುವ ಮೊದಲು ಅಳೆಯಿರಿ. ಮಂಜು ಕವಿದ ದಿನ ಏಳು ಗಂಟೆಯ ಅಂಕಿಯೂ ರಾತ್ರಿಯ ತಳದಿಂದ ಹೆಚ್ಚು ದೂರವಿರುವುದಿಲ್ಲ. ಎರಡನೇ ಅಳತೆ ಅದೇ ಜಾಗದಲ್ಲಿ, ಅದೇ ಆಳದಲ್ಲಿ, ಮಧ್ಯಾಹ್ನ ಮೂರಕ್ಕೆ. ಮೇಲಿನಿಂದ ಒಂದಡಿ ಕೆಳಗೆ ಮತ್ತು ಕೆಸರಿನಿಂದ ಒಂದಡಿ ಮೇಲೆ, ಎರಡು ಕಡೆ. ಬೆಳಿಗ್ಗೆ 5, ಮಧ್ಯಾಹ್ನ 8 ಇದ್ದರೆ ಕೆರೆ ಆರಾಮವಾಗಿದೆ. ಬೆಳಿಗ್ಗೆ 2, ಮಧ್ಯಾಹ್ನ 13 ಬಂದರೆ ಎರಡರ ಸರಾಸರಿ ನೋಡಿ ಖುಷಿಪಡಬೇಡಿ, ಪಾಚಿ ಮಿತಿಮೀರಿದೆ. ಎರಡು ದಿನ ಮೋಡ ಕವಿದರೆ ಕೆರೆ ಕುಸಿಯುತ್ತದೆ.

ಬಣ್ಣ, ತಿಳಿತನ

ಸೆಕ್ಕಿ ತಟ್ಟೆಯನ್ನು ಮನೆಯಲ್ಲೇ ಮಾಡಬಹುದು: 20 ಸೆಂಟಿಮೀಟರ್ ಅಗಲದ ದುಂಡು ತಗಡು, ನಾಲ್ಕು ಪಾಲು ಮಾಡಿ ಎದುರುಬದುರು ಕಪ್ಪು ಬಿಳುಪು, ಹೊಳಪಿಲ್ಲದ ಬಣ್ಣ, ಕೆಳಗೆ ತೂಕ, ಹಿಗ್ಗದ ಹಗ್ಗ. ಹತ್ತರಿಂದ ಮೂರರೊಳಗೆ, ತೆಪ್ಪದ ನೆರಳಿನ ಬದಿಗೆ ಇಳಿಸಿ. ಕಾಣದಾದ ಆಳ, ಎತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ. ತಟ್ಟೆ ತಳಕ್ಕೆ ತಾಗಿದರೂ ಕಾಣುತ್ತಲೇ ಇದ್ದರೆ 'ತಳ ಕಂಡಿತು, 1.2 ಮೀಟರ್' ಎಂದೇ ಬರೆಯಿರಿ, ತಿಳಿತನ 1.2 ಎಂದು ಬರೆದರೆ ಸುಳ್ಳಾಗುತ್ತದೆ.

1977ರಲ್ಲಿ ರಾಬರ್ಟ್ ಕಾರ್ಲ್‌ಸನ್ ಕೊಟ್ಟ ಪೋಷಕ ಸೂಚ್ಯಂಕದ ಪ್ರಕಾರ ಒಂದು ಮೀಟರ್ ತಿಳಿತನಕ್ಕೆ 60, ಅರ್ಧ ಮೀಟರಿಗೆ 70. ಐವತ್ತು ದಾಟಿದರೆ ಪೋಷಕಾಂಶ ಹೆಚ್ಚಾದ ಕೆರೆ. ಇದನ್ನು ಕಣ್ಣುಮುಚ್ಚಿ ಬಳಸುವವರು ಬಹಳ. ಆ ಲೆಕ್ಕ ನಿಂತಿರುವುದು ನೀರನ್ನು ಮಬ್ಬಾಗಿಸುವುದು ಪಾಚಿ ಎಂಬ ನಂಬಿಕೆಯ ಮೇಲೆ. ಜೂನ್‌ನಲ್ಲಿ ಹೊಸ ರಸ್ತೆಯ ಕೆಮ್ಮಣ್ಣು ಇಳಿದಾಗ, ಅಥವಾ ರಾತ್ರಿ ಆನೆ ಹಿಂಡು ಮಿಂದು ಹೋದ ಮರುದಿನ, ತಟ್ಟೆ 20 ಸೆಂಟಿಮೀಟರಿಗೇ ಮಾಯ. ಸೂಚ್ಯಂಕ ಎಂಬತ್ತರ ಮೇಲೆ ಹೋಗುತ್ತದೆ, ಪಾಚಿಯ ಸುಳಿವೂ ಇರುವುದಿಲ್ಲ. ಯಾವುದೆಂದು ತಿಳಿಯಲು ಗಾಜಿನ ಜಾಡಿಯಲ್ಲಿ ನೀರು ತುಂಬಿ ರಾತ್ರಿ ಅಲುಗಿಸದೆ ಇಡಿ. ಬೆಳಿಗ್ಗೆ ಮಣ್ಣು ತಳದಲ್ಲಿ ಕೂತಿರುತ್ತದೆ. ಹಸಿರು ಕೆನೆ ಮೇಲೆ ಕಟ್ಟಿದ್ದರೆ ಅದು ಹೆಚ್ಚಾಗಿ ನೀಲಿಹಸಿರು ಪಾಚಿ, ಮೈಕ್ರೋಸಿಸ್ಟಿಸ್ ಜಾತಿಯದು. ಪೇಂಟ್ ಚೆಲ್ಲಿದ ಹಾಗೆ ಅದು ದಡಕ್ಕೆ ಬಂದು ಸೇರಿದ್ದರೆ ದನ, ನಾಯಿಗಳನ್ನು ಆ ನೀರಿಗೆ ಬಿಡಬೇಡಿ, ಅದರ ವಿಷ ಯಕೃತ್ತಿಗೆ (ಲಿವರ್) ಹೊಡೆಯುತ್ತದೆ. ಮಧ್ಯಾಹ್ನ ಇಟ್ಟಿಗೆ ಕೆಂಪಿನ ಪದರ ತೇಲಿದರೆ ಅದು ಸಾಮಾನ್ಯವಾಗಿ ಯೂಗ್ಲೀನಾ. ಕೊಳೆತ ಎಲೆ, ಸಗಣಿ ನೀರು ಸೇರಿದ ಕಡೆ ಬರುತ್ತದೆ.

ಕೆಸರಿನ ಸಾಕ್ಷಿ

ಇಲ್ಲಿಂದ ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯ. ಮೀಟರ್ ಹೇಳುವುದು ಆ ಕ್ಷಣದ ಸ್ಥಿತಿ. ಕೆಸರಿನಲ್ಲಿ ಮೂರು ತಿಂಗಳು ಬದುಕಿದ ಹುಳು ಮೂರು ತಿಂಗಳಲ್ಲಿ ಅತಿ ಕೆಟ್ಟ ರಾತ್ರಿಯನ್ನೂ ದಾಟಿ ಬಂದಿರುತ್ತದೆ.

30 ಸೆಂಟಿಮೀಟರ್ ಅಗಲದ, ಒಂದು ಬದಿ ಚಪ್ಪಟೆಯಾದ ಕಬ್ಬಿಣದ ಚೌಕಟ್ಟಿಗೆ ಅರ್ಧ ಮಿಲಿಮೀಟರ್ ಕಣ್ಣಿನ ಬಲೆ ಹೊಲಿಸಿ ಉದ್ದ ಹಿಡಿ ಹಾಕಿಸಿ. ಸೊಳ್ಳೆಪರದೆಯ ಬಟ್ಟೆ ಬೇಡ, ಅದರ ಕಣ್ಣು ದೊಡ್ಡದು, ಸಣ್ಣ ಹುಳು ಜಾರಿಹೋಗುತ್ತವೆ. ಒಟ್ಟು ಮೂರು ನಿಮಿಷ ಬಲೆ ಆಡಿಸಬೇಕು. ಆ ಮೂರು ನಿಮಿಷವನ್ನು ಜಾಗಗಳಿಗೆ ಹಂಚಿ: ದಡದ ಹುಲ್ಲಿನ ಬುಡ, ಮುಳುಗಿದ ಗಿಡ, ಕೊಳೆತ ಎಲೆ, ಬರೀ ಕೆಸರು. ಬರೀ ಹುಲ್ಲಿನಲ್ಲಿ ಆಡಿಸಿದರೆ ಕೆರೆ ಇರುವುದಕ್ಕಿಂತ ಚೆಂದ ಕಾಣುತ್ತದೆ, ಬರೀ ಕೆಸರಿನಲ್ಲಾದರೆ ಕೆಟ್ಟದಾಗಿ. ಸಿಕ್ಕಿದ್ದನ್ನು ಬಕೆಟ್ಟಿನಲ್ಲಿ ತೊಳೆದು ಬಿಳಿ ಟ್ರೇಗೆ ಸುರಿದು ಎರಡು ಬೆರಳು ನೀರು ಹಾಕಿ, ಐದು ನಿಮಿಷ ಸುಮ್ಮನೆ ನೋಡಿ. ಅಲ್ಲಾಡುವವು ಮೊದಲು ಕಾಣುತ್ತವೆ. ಎಲೆಯ ಚೂರಿನಂತೆ ಬಿದ್ದಿರುವವು ಆಮೇಲೆ. ಇಂಕ್ ಫಿಲ್ಲರಿನಿಂದ ಎತ್ತಿ ಐಸ್ ಟ್ರೇಯ ಗುಳಿಗಳಿಗೆ ಜಾತಿವಾರು ಹಾಕಿ. ಗೊತ್ತಾಗದ್ದನ್ನು ಮಾತ್ರ 70 ಶೇಕಡಾ ಆಲ್ಕೋಹಾಲಿನಲ್ಲಿ ಇಟ್ಟು ಉಳಿದವನ್ನು ನೀರಿಗೇ ಬಿಡಿ.

ಶುರುವಿನಲ್ಲಿ ಎಲ್ಲರೂ ಎಡವುವುದು ಬಾಲದಲ್ಲಿ. ಬಾಲದ ತುದಿಯಲ್ಲಿ ದಾರದಂಥ ಮೂರು ಎಳೆ ಇದ್ದು ಹೊಟ್ಟೆಯ ಪಕ್ಕದಲ್ಲಿ ಕಿವಿರು ಅಲುಗುತ್ತಿದ್ದರೆ ಮೇಫ್ಲೈ ಮರಿ. ಎಳೆಯ ಬದಲು ಎಲೆಯಂಥ ಮೂರು ಹಾಳೆ ಇದ್ದರೆ ಡ್ಯಾಮ್ಸಲ್‌ಫ್ಲೈ ಮರಿ, ಆ ಹಾಳೆಗಳೇ ಅದರ ಕಿವಿರು. ದಪ್ಪ ಹೊಟ್ಟೆ, ಬಾಲದಲ್ಲಿ ಏನೂ ಇಲ್ಲ, ಮುಟ್ಟಿದರೆ ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುವುದು ಏರೋಪ್ಲೇನ್ ಚಿಟ್ಟೆಯ ಮರಿ. ತಲೆಯ ಕೆಳಗೆ ಮಡಚಿಟ್ಟ ತುಟಿಯನ್ನು ಕೈಯಂತೆ ಚಾಚಿ ಗೊದಮೊಟ್ಟೆ ಹಿಡಿಯುವುದು ಟ್ರೇಯಲ್ಲೇ ನೋಡಸಿಗುತ್ತದೆ. ಕೆಸರಿನಲ್ಲಿ ಐದು ಮಿಲಿಮೀಟರಿನ ಒಂದು ಮೇಫ್ಲೈ ಇರುತ್ತದೆ, ಕೀನಿಸ್ ಕುಲದ್ದು. ಬೆನ್ನಿನ ಮೇಲೆ ಎರಡು ಚೌಕ ಮುಚ್ಚಳ, ಕಿವಿರಿಗೆ ಹೂಳು ಮೆತ್ತದಂತೆ. ಅದು ಸಿಕ್ಕಿದರೆ ಹೂಳಿನ ಮೇಲ್ಪದರಕ್ಕೂ ಆಮ್ಲಜನಕ ಇಳಿಯುತ್ತಿದೆ ಎಂದು ಧೈರ್ಯವಾಗಿ ಬರೆಯಬಹುದು.

ಕೆಂಪು ದಾರದ ತುಂಡಿನಂತೆ ಎಂಟರ ಆಕಾರಕ್ಕೆ ಬಳುಕುವುದು ಕೈರೋನೊಮಸ್ ನೊಣದ ಮರಿ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಅದರಲ್ಲೂ ಇದೆ, ಆದ್ದರಿಂದ ಆಮ್ಲಜನಕ ತೀರಾ ಕಮ್ಮಿಯಾದರೂ ಬದುಕುತ್ತದೆ. ಕೆಂಪು ಹುಳು ಕಂಡ ಕೂಡಲೇ ಕೆರೆ ಹಾಳಾಯಿತು ಎನ್ನುವುದು ದುಡುಕು, ಪ್ರತಿ ಕೆರೆಯ ಕೆಸರಿನಲ್ಲೂ ಅವು ಇರುತ್ತವೆ. ಬೇರೇನೂ ಇಲ್ಲದೆ ಅವು ಮತ್ತು ಟ್ಯೂಬಿಫೆಕ್ಸ್ (ಎರೆಹುಳುವಿನ ಜಾತಿಯ ಕೆಸರಿನ ಸಣ್ಣ ಹುಳು) ಮಾತ್ರ ಇದ್ದರೆ ಯೋಚನೆ ಮಾಡಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು. ನೀರುಚೇಳು, ದೊಡ್ಡ ನೀರುತಿಗಣೆ, ಮುಳುಗುವ ಜೀರುಂಡೆ, ಬೆನ್ನಡಿಯಾಗಿ ಈಜುವ ತಿಗಣೆ ಇವೆಲ್ಲ ಟ್ರೇಯಲ್ಲಿ ಓಡಾಡುವಾಗ ಕೆರೆ ಜೀವಂತವಾಗಿದೆ ಎನಿಸುತ್ತದೆ. ಆದರೆ ಇವು ಮೇಲಿನ ಗಾಳಿಯನ್ನೇ ಉಸಿರಾಡುತ್ತವೆ. ನೀರಿನ ಆಮ್ಲಜನಕ ಸೊನ್ನೆಯಾದರೂ ಇವಕ್ಕೆ ಏನೂ ಆಗದು. ಮೀನಿನಲ್ಲೂ ಹಾಗೆಯೇ. ಕೊರವ, ಮುಗುಡು ಇರುವುದು ಒಳ್ಳೆಯ ನೀರಿಗೆ ಸಾಕ್ಷಿಯಲ್ಲ, ಅವು ಬಾಯಿಂದ ಗಾಳಿ ನುಂಗಿ ಬದುಕುತ್ತವೆ. ಸಾಕ್ಷಿ ಹೇಳಲು ಕಿವಿರಿನಲ್ಲಿ ಉಸಿರಾಡುವವನ್ನೇ ಕರೆಯಬೇಕು.

ಸಿಕ್ಕಿದ ಹುಳುಗಳಿಂದ ನೀರಿಗೆ ಅಂಕ ಹಾಕಬೇಕೆಂದರೆ ಬಿಎಂಡಬ್ಲ್ಯುಪಿ ಪದ್ಧತಿ ಇದೆ. ಕೀಟ, ಹುಳುಗಳ ಪ್ರತಿ ಕುಟುಂಬಕ್ಕೆ 1ರಿಂದ 10, ಕೊಳೆ ತಾಳದ್ದಕ್ಕೆ ಹೆಚ್ಚು: ಲಿಬೆಲ್ಯುಲಿಡೇ ಏರೋಪ್ಲೇನ್ ಚಿಟ್ಟೆಗೆ 8, ಕೀನಿಡೇ ಮೇಫ್ಲೈಗೆ 7, ಬೀಟಿಡೇ ಮೇಫ್ಲೈಗೆ 4, ಕೈರೋನೊಮಿಡೇಗೆ 2, ಟ್ಯೂಬಿಫೆಕ್ಸಿನಂಥ ಹುಳುಗಳಿಗೆ 1. ಎಷ್ಟು ಹುಳು ಸಿಕ್ಕಿತು ಎನ್ನುವುದು ಲೆಕ್ಕಕ್ಕಿಲ್ಲ, ಕುಟುಂಬಕ್ಕೆ ಒಂದೇ ಸಲ ಅಂಕ. ಒಟ್ಟು ಅಂಕವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದ ಸರಾಸರಿಯೇ ಹೆಚ್ಚು ನಂಬಲರ್ಹ. ಈ ಪದ್ಧತಿ ಹುಟ್ಟಿದ್ದು ಬ್ರಿಟನ್ನಿನ ಹರಿಯುವ ನದಿಗಳಿಗಾಗಿ. ಅಲ್ಲಿ ಹತ್ತು ಅಂಕ ಪಡೆಯುವ ಸ್ಟೋನ್‌ಫ್ಲೈ ಇಂಥ ನಿಂತ ನೀರಿನಲ್ಲಿ ಸಿಗುವುದು ತೀರಾ ಅಪರೂಪ, ಅದು ಕಲ್ಲಿನ ಮೇಲೆ ಹರಿಯುವ ತೊರೆಯದು. ಹಾಗಾಗಿ ನಿಮ್ಮ ಕೆರೆಯನ್ನು ಲಕ್ಷ್ಮಣತೀರ್ಥ ನದಿಯ ಅಂಕಕ್ಕೆ ಹೋಲಿಸಬೇಡಿ. ಅದೇ ಕೆರೆಯ ಹೋದ ವರ್ಷದ ಅಂಕಕ್ಕೆ ಹೋಲಿಸಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬಲೆ, ಬೂಟು ಎಲ್ಲ ತೊಳೆದು ಒಣಗಿಸಿ, ತೇಲುವ ಕಳೆ ಸಾಲ್ವೀನಿಯಾದ ಒಂದು ತುಂಡು ಅಂಟಿಕೊಂಡು ಹೋದರೂ ಆ ಕೆರೆಯ ಕಥೆ ಮುಗಿಯಿತು.

ಗಿಡ ಮತ್ತು ಗೆಂಡೆ

ಆಳವಿಲ್ಲದ ಕೆರೆಗೆ ಎರಡು ನೆಲೆ: ಮುಳುಗಿದ ಗಿಡ ತುಂಬಿ ನೀರು ತಿಳಿಯಾಗಿರುವುದು, ಇಲ್ಲವೇ ಗಿಡವಿಲ್ಲದೆ ಪಾಚಿ ತುಂಬಿ ಹಸಿರಾಗಿರುವುದು. ನೆದರ್ಲೆಂಡ್ಸಿನ ಪರಿಸರ ವಿಜ್ಞಾನಿ ಮಾರ್ಟನ್ ಶೆಫರ್ ಮತ್ತು ಜೊತೆಗಾರರು 1993ರಲ್ಲಿ ಇದನ್ನು ಸ್ಪಷ್ಟವಾಗಿ ಮಂಡಿಸಿದರು. ಒಂದರಿಂದ ಇನ್ನೊಂದಕ್ಕೆ ಹಾರುವುದು ದಿಢೀರನೆ, ಹಿಂದಕ್ಕೆ ತರುವುದು ಬಹಳ ಕಷ್ಟ. ಕಳೆ ಜಾಸ್ತಿ ಎಂದು ಹುಲ್ಲುಗೆಂಡೆ ಬಿಟ್ಟು ಹೈಡ್ರಿಲ್ಲಾವನ್ನು ಪೂರ್ತಿ ಮೇಯಿಸಿದ ಕೆರೆಗಳಲ್ಲಿ ಆಗುವುದು ಇದೇ. ಗಿಡ ಹಿಡಿದಿಟ್ಟಿದ್ದ ರಂಜಕ ಮೀನಿನ ಹೊಟ್ಟೆಯಿಂದ ನೀರಿಗೆ ಬರುತ್ತದೆ, ಸಾಮಾನ್ಯ ಗೆಂಡೆ ಕೆಸರು ಕೆದಕುತ್ತದೆ, ಸೊಳ್ಳೆಗೆಂದು ಬಿಟ್ಟ ಗ್ಯಾಂಬೂಸಿಯಾ ಪಾಚಿ ತಿನ್ನುವ ನೀರುಚಿಗಟಗಳನ್ನೇ ತಿಂದು ಮುಗಿಸುತ್ತದೆ. ಆದ್ದರಿಂದ ಗಿಡವನ್ನೂ ಅಳೆಯಿರಿ. ಆಳ ನೋಡಿದ ಜಾಗಗಳಲ್ಲೇ ಕುಂಟೆ ಎಸೆದು ಎಳೆದು, ಗಿಡ ಸಿಕ್ಕಿತೋ ಇಲ್ಲವೋ ಎಂದು ಗುರುತು ಹಾಕಿದರೆ ಸಾಕು. ಅಂತರಗಂಗೆ, ಸಾಲ್ವೀನಿಯಾ ಮೇಲೆ ಹಾಸಿಕೊಂಡಿದ್ದರೆ ಮಾತು ಬೇರೆ. ಅದರ ಅಡಿಯ ನೀರಿನಲ್ಲಿ ಮಧ್ಯಾಹ್ನವೂ ಆಮ್ಲಜನಕ ಏರುವುದಿಲ್ಲ.

ಪ್ಲವಕಕ್ಕೆ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) 60 ಮೈಕ್ರಾನ್ ಬಲೆಯಲ್ಲಿ 50 ಲೀಟರ್ ಸೋಸಿ, ತಿಳಿ ಟೀ ಬಣ್ಣ ಬರುವಷ್ಟು ಲ್ಯುಗಾಲ್ ಅಯೊಡಿನ್ ಹಾಕಿಡಿ. ಜಿಗಿಯುವುದು ಬರಿಗಣ್ಣಿಗೇ ಕಾಣುವ ದೊಡ್ಡ ಗಾತ್ರದ ನೀರುಚಿಗಟ ಇದ್ದರೆ ಸಾಕು, ಸೂಕ್ಷ್ಮದರ್ಶಕ ಇಲ್ಲದವರಿಗೂ ಅದೊಂದು ಒಳ್ಳೆಯ ಸುದ್ದಿ.

ಪಲ್ಪಿಂಗ್ ನೀರು, ಬೋರ್ಡೋ ಬ್ಯಾರಲ್

ನಮ್ಮ ಕೆರೆಗಳಿಗೆ ಬರುವ ಕೇಡು ಮುಖ್ಯವಾಗಿ ಎರಡು. ಎರಡೂ ಕಾಫಿಯದೇ, ಎರಡೂ ಬೇರೆ ಬೇರೆ ಗುರುತು ಬಿಡುತ್ತವೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ (ಪಲ್ಪ್ ಮಾಡಿ) ತೊಳೆದ ನೀರಿನಲ್ಲಿ ಸಕ್ಕರೆ ಮತ್ತು ಲೋಳೆ ತುಂಬಿರುತ್ತದೆ. ಹುಳಿತು ಪಿಎಚ್ ನಾಲ್ಕರ ಹತ್ತಿರ ಇಳಿಯುತ್ತದೆ, ಬಿಒಡಿ (ಕೊಳೆ ಕರಗಲು ಬೇಕಾಗುವ ಆಮ್ಲಜನಕ) ಲೀಟರಿಗೆ ಸಾವಿರಾರು ಮಿಲಿಗ್ರಾಂ. ಒಂದು ಎಕರೆ, ಸರಾಸರಿ ಒಂದೂವರೆ ಮೀಟರ್ ಆಳದ ಕೆರೆಯಲ್ಲಿ ಸುಮಾರು 60 ಲಕ್ಷ ಲೀಟರ್ ನೀರು. ಲೀಟರಿಗೆ 6 ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಕೆರೆಯಲ್ಲಿರುವ ಆಮ್ಲಜನಕ 36 ಕಿಲೋ, ಅಷ್ಟೇ. ಪಲ್ಪಿಂಗ್ ನೀರಿನ ಬಿಒಡಿ 5,000 ಎಂದಿಟ್ಟುಕೊಂಡರೆ ಪ್ರತಿ ಸಾವಿರ ಲೀಟರ್ 5 ಕಿಲೋ ಕೇಳುತ್ತದೆ. ಏಳು ಸಾವಿರ ಲೀಟರ್ ಹರಿದರೆ ಕೆರೆಯ ಪೂರ್ತಿ ದಾಸ್ತಾನು ಖಾಲಿ. ಗಾಳಿಯಿಂದ, ಪಾಚಿಯಿಂದ ಮತ್ತೆ ತುಂಬುತ್ತದೆ ನಿಜ, ಆದರೆ ರಾತ್ರಿ ಪಾಚಿಯೂ ತಿನ್ನುವವರ ಸಾಲಿನಲ್ಲೇ ಕೂತಿರುತ್ತದೆ.

ಇದನ್ನು ಹಿಡಿಯಲು ಅಗ್ಗದ ವಾಹಕತೆ ಮೀಟರೇ ಸಾಕು. ಕಾಫಿ ಹಣ್ಣಿನಲ್ಲಿ ಪೊಟ್ಯಾಸಿಯಂ ಹೇರಳ, ನಮ್ಮ ನೀರಿನಲ್ಲಿ ಲವಣ ಕಡಿಮೆ, ಆದ್ದರಿಂದ ಸೇರಿದ ಕಡೆ ಅಂಕಿ ಎದ್ದು ಕಾಣುತ್ತದೆ. ದಡದ ಸುತ್ತ ಹತ್ತು ಹೆಜ್ಜೆಗೊಮ್ಮೆ ಮೀಟರ್ ಅದ್ದುತ್ತಾ ನಡೆಯಿರಿ. 80, 82, 79 ಎಂದು ಬರುತ್ತಿದ್ದದ್ದು ಒಂದು ಮೂಲೆಯಲ್ಲಿ 190ಕ್ಕೆ ಜಿಗಿದರೆ ಅಲ್ಲಿ ಏನೋ ಒಸರುತ್ತಿದೆ: ಪಲ್ಪಿಂಗ್ ಗುಂಡಿ, ಕೊಟ್ಟಿಗೆ, ಅಥವಾ ತೋಟದ ಕಾರ್ಮಿಕರ ಲೈನ್‌ಮನೆಯ ಶೌಚಗುಂಡಿ. ಕಪ್ಪು ಬಣ್ಣ, ಹುಳಿ ವಾಸನೆ ಇದ್ದರೆ ಮೊದಲನೆಯದು.

ಗಿಡದ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ್ದು ಮೋಸದ ಕೇಡು. ಒಂದು ಶೇಕಡಾ ದ್ರಾವಣಕ್ಕೆ 200 ಲೀಟರ್ ಬ್ಯಾರಲ್‌ಗೆ ಎರಡು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಹೋಗುತ್ತದೆ, ಅದರಲ್ಲಿ ತಾಮ್ರ ಸುಮಾರು 500 ಗ್ರಾಂ. ಅಂಥ ಒಂದು ಬ್ಯಾರಲ್ ಅದೇ 60 ಲಕ್ಷ ಲೀಟರಿಗೆ ಉರುಳಿದರೆ ಲೀಟರಿಗೆ 80 ಮೈಕ್ರೋಗ್ರಾಂ ದಾಟುತ್ತದೆ. ಸುಣ್ಣದ ಜೊತೆ ಸೇರಿದ್ದರಿಂದ ಅದೆಲ್ಲ ಕರಗಿರುವುದಿಲ್ಲ, ಬಹುಪಾಲು ಕೆಸರಿಗೆ ಇಳಿಯುತ್ತದೆ. ಆದರೂ ಮೆದು ನೀರಿನಲ್ಲಿ ತಾಮ್ರದ ವಿಷ ಗಡಸು ನೀರಿಗಿಂತ ಬಹಳ ತೀಕ್ಷ್ಣ, ನೀರುಚಿಗಟ ಮತ್ತು ಬಸವನಹುಳುಗಳಿಗೆ ಕೆಲವು ಹತ್ತು ಮೈಕ್ರೋಗ್ರಾಂ ಸಾಕು. ಆಮ್ಲಜನಕ ಸರಿ, ಪಿಎಚ್ ಸರಿ, ಏರೋಪ್ಲೇನ್ ಚಿಟ್ಟೆ ಮರಿಯೂ ಇದೆ, ಬಸವನಹುಳು ಮಾತ್ರ ಒಂದೂ ಇಲ್ಲ, ಹೀಗಿದ್ದರೆ ತಾಮ್ರವನ್ನು ಶಂಕಿಸಿ. ಸುಣ್ಣದಂಶ ಕಡಿಮೆಯಿರುವ ನೀರಿನಲ್ಲಿ ಅವು ಮೊದಲಿನಿಂದಲೂ ಕಮ್ಮಿ ಇರಬಹುದು, ಅದಕ್ಕೇ ಕೆಸರಿನಲ್ಲಿ ಖಾಲಿ ಚಿಪ್ಪು ಹುಡುಕಬೇಕು. ಚಿಪ್ಪು ಬಹಳ, ಜೀವಂತ ಒಂದೂ ಇಲ್ಲ ಎಂದರೆ ಸತ್ತದ್ದು ಇತ್ತೀಚೆಗೆ. ಪ್ರಯೋಗಾಲಯಕ್ಕೆ ನೀರಿನ ಜೊತೆ ಮೇಲಿನ ಐದು ಸೆಂಟಿಮೀಟರ್ ಕೆಸರನ್ನೂ ಕಳಿಸಿ, ನೀರು ಮಾತ್ರ ಕಳಿಸಿದರೆ 'ತಾಮ್ರ ಪತ್ತೆಯಾಗಿಲ್ಲ' ಎಂದು ಬರುವ ಸಂಭವವೇ ಹೆಚ್ಚು. ಬ್ಯಾರಲ್, ಪಂಪು, ಗನ್ ತೊಳೆದ ನೀರನ್ನು ಕೆರೆಯಿಂದ ದೂರ ತೋಟದೊಳಗೇ ಚೆಲ್ಲುವ ಕಟ್ಟುನಿಟ್ಟು ಮಾಡಿದರೆ ಈ ತೊಂದರೆಯ ಬಹುಭಾಗ ತಪ್ಪುತ್ತದೆ.

ಈ ಎರಡನ್ನು ನೋಡಿಕೊಂಡೇ ಅಳತೆಯ ಹೊತ್ತು ಗೊತ್ತು ಮಾಡಬೇಕು. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿಗೆ ಮೊದಲು ಒಮ್ಮೆ, ಅದು ಕೆರೆಯ ಒಳ್ಳೆಯ ಸ್ಥಿತಿ. ಪಲ್ಪಿಂಗ್ ನಡೆಯುವ ಜನವರಿಯಲ್ಲಿ ಒಮ್ಮೆ. ಜೆಟ್ ಹಾಕಿ ನೀರು ತಳ ಕಂಡ ಮಾರ್ಚ್‌ನಲ್ಲಿ ಒಮ್ಮೆ. ಬೋರ್ಡೋ ಹೊಡೆದು ಮೊದಲ ದೊಡ್ಡ ಮಳೆ ಬಂದ ಮೇಲೆ, ಜೂನ್‌ನಲ್ಲಿ ಒಮ್ಮೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಅಳೆದು ಪ್ರಯೋಜನವಿಲ್ಲ, ಕೋಡಿ ಹರಿಯುತ್ತಿರುವಾಗ ಸಿಗುವುದು ಮಳೆನೀರಿನ ವರದಿ. ಗೌರಿ ಹಬ್ಬಕ್ಕೆ ಬಾಗಿನ ಬಿಡುವ ಸೋಮವಾರಪೇಟೆಯ ಹೊನ್ನಮ್ಮನ ಕೆರೆಯಂಥ ಕಡೆ ಹಬ್ಬಕ್ಕೆ ಮೊದಲು, ಹಬ್ಬ ಕಳೆದು ವಾರಕ್ಕೆ ಹೀಗೆ ಎರಡು ಅಳತೆ ಹೆಚ್ಚುವರಿ ಬೇಕು.

ಮೀನು ಸತ್ತ ದಿನ ಏನು ಮಾಡಬೇಕು ಎನ್ನುವುದನ್ನು ಮೊದಲೇ ತಿಳಿದಿಟ್ಟುಕೊಳ್ಳಿ, ಆ ದಿನ ತಲೆ ಓಡುವುದಿಲ್ಲ. ನಸುಕಿನಲ್ಲಿ, ದೊಡ್ಡ ಮೀನುಗಳೇ ಮೊದಲು, ಬಾಯಿ ಕಿವಿರು ಅಗಲಿಸಿ ಸತ್ತಿದ್ದರೆ ಸಾಮಾನ್ಯವಾಗಿ ಉಸಿರುಗಟ್ಟಿದ್ದು. ಪಂಪ್ ಚಾಲೂ ಮಾಡಿ ಕೆರೆಯ ನೀರನ್ನೇ ಕೆರೆಗೆ ಎತ್ತರದಿಂದ ಸುರಿಯಿರಿ, ಫುಟ್‌ವಾಲ್ವ್ ಮಾತ್ರ ಕೆಸರು ಎಳೆಯದಂತೆ ಮೇಲೆತ್ತಿ ಕಟ್ಟಿ. ಹಗಲಲ್ಲಿ, ಚಿಕ್ಕದು ದೊಡ್ಡದು ಎನ್ನದೆ, ಏಡಿ ಗೊದಮೊಟ್ಟೆ ಸಮೇತ ಸತ್ತಿದ್ದರೆ ವಿಷ. ಆಗ ಪಿಎಚ್ ಏರಿಸಲೆಂದು ಸುಟ್ಟ ಸುಣ್ಣ ಸುರಿಯಬೇಡಿ, ತಾಳಿಕೆಯಿಲ್ಲದ ನೀರಿನಲ್ಲಿ ಅದು ಪಿಎಚ್‌ ಅನ್ನು ಹತ್ತರ ಮೇಲಕ್ಕೆ ಒಯ್ದು ಉಳಿದ ಮೀನನ್ನೂ ಕೊಲ್ಲುತ್ತದೆ, ಸಾಕ್ಷಿಯೂ ಹೋಗುತ್ತದೆ. ಮೊದಲು ನೀರು ತುಂಬಿ: ಕೀಟನಾಶಕದ ಪರೀಕ್ಷೆಗೆ ಒಂದು ಲೀಟರ್ ಕಂದು ಗಾಜಿನ ಬಾಟಲಿಯಲ್ಲಿ, ತಾಮ್ರಕ್ಕೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗಿಳಿಸಿ. ಇನ್ನೂ ಬಾಯಿ ಆಡಿಸುತ್ತಿರುವ ಮೀನು ಎರಡು ಮೂರು ಹಿಡಿದು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಐಸ್‌ನಲ್ಲಿಡಿ, ಆಲ್ಕೋಹಾಲ್ ಅಥವಾ ಫಾರ್ಮಲಿನ್ ಬೇಡ. ಕಣ್ಣು ಬೆಳ್ಳಗಾಗಿ ಹೊಟ್ಟೆ ಉಬ್ಬಿದ ಮೀನು ತೆಗೆದುಕೊಂಡು ಹೋದರೆ ಯಾವ ಪ್ರಯೋಗಾಲಯವೂ ಏನೂ ಹೇಳಲಾರದು.